ಮೊದಲು ಖಾನಾಪುರಕ್ಕೆ ಹೋಗಿ ಬರೋಣ

ನಮ್ಮ ಕಾಲೇಜಿನ ತರುಣರಲ್ಲಿ ಈಗ ಒಂದು ಹೊಸ ಹುರುಪು ಕಾಣುತ್ತಿದೆ. ಸೈಕಲ್ಲಿಗೆ ಗಂಟು ಕಟ್ಟಿಕೊಂಡು ನಾಲ್ಕಾರು ದಿನ ಊರೂರು ತಿರುಗಿ ಬರಬೇಕೆಂಬುದೇ ಆ ಹುರುಪು. ಇದಕ್ಕೆ ‘ಬೈಕ್‌ಪ್ಯಾಕಿಂಗ್’ ಎಂಬ ಹೆಸರೂ ಬಂದಿದೆ. ಹೆಸರು ಹೊಸದು, ಕೆಲಸ ಹಳೆಯದು. ಆದರೆ ವಿರಾಮದ ವೇಳೆಯಲ್ಲಿ ನಡೆಯುವ ಚರ್ಚೆಯನ್ನು ಕೇಳಿದರೆ, ಗೇರಿನ ಸೈಕಲ್ಲು, ನೀರು ಹೋಗದ ಚೀಲ, ಮಡಚುವ ಡೇರೆ ಇವಿಲ್ಲದೆ ಹೊರಡುವುದೇ ಅಸಾಧ್ಯವೆಂದು ತೋರುತ್ತದೆ. ಇವು ಇಲ್ಲದವರು ಆಸೆಯನ್ನು ನುಂಗಿಕೊಂಡು ಸುಮ್ಮನಾಗುತ್ತಾರೆ. ಇದ್ದವರು ಮೊದಲ ಸಲವೇ ಗೋವೆಗೆಂದು ಹೊರಟು ನಡುದಾರಿಯಲ್ಲಿ ಬಸ್ಸು ಹತ್ತುತ್ತಾರೆ. ಇವೆರಡೂ ತಪ್ಪೆಂಬುದು ನನ್ನ ನಮ್ರ ಅಭಿಪ್ರಾಯ. ಹೊಸಬನು ತನ್ನಲ್ಲಿರುವ ಸೈಕಲ್ಲನ್ನೇ ಏರಲಿ. ಮೊದಲು ಖಾನಾಪುರದವರೆಗೆ ಹೋಗಿ ಬರಲಿ.

ಇದನ್ನು ಹೇಳುವ ಅಧಿಕಾರ ನನಗೆ ಸೋಲಿನಿಂದ ಬಂದದ್ದು. ನನ್ನ ಸೈಕಲ್ಲು ಎಂಟನೆಯ ತರಗತಿಯಲ್ಲಿ ಸರಕಾರ ಕೊಟ್ಟದ್ದು. 2006-07ರಲ್ಲಿ ಆರಂಭವಾದ ಆ ಯೋಜನೆಯಿಂದ ನನ್ನಂಥ ಎಷ್ಟೋ ಮಕ್ಕಳು ಹೈಸ್ಕೂಲು ಕಂಡರು. ಕಳೆದ ನವೆಂಬರ್ ತಿಂಗಳಲ್ಲಿ ಅದನ್ನೇರಿ ಒಬ್ಬನೇ ಹೊರಟೆ. ಬೆನ್ನ ಮೇಲೆ ಹನ್ನೆರಡು ಕಿಲೋ ಭಾರದ ಚೀಲ. ಅದರಲ್ಲಿ ಎರಡು ಚಾದರ, ನಾಲ್ಕು ಜೊತೆ ಬಟ್ಟೆ, ಓದುವೆನೆಂದು ಇಟ್ಟುಕೊಂಡ ಎರಡು ದಪ್ಪ ಪುಸ್ತಕ. ಬೆಳಗಾವಿಯಿಂದ ಖಾನಾಪುರಕ್ಕೆ ಸುಮಾರು 26 ಕಿಲೋಮೀಟರು. ಪೀರನವಾಡಿ, ಮಚ್ಛೆ ದಾಟುವವರೆಗೆ ನಾನೇ ಶೂರ. ದೇಸೂರಿನ ಹತ್ತಿರ ಹೆಗಲು ಹರಿಯತೊಡಗಿತು. ಗಣೇಬೈಲು ಇನ್ನೂ ಮುಂದಿರುವಾಗಲೇ ಹಿಂದಿನ ಗಾಲಿ ಪಂಕ್ಚರ್ ಆಯಿತು. ನನ್ನ ಹತ್ತಿರ ಪಂಪಿಲ್ಲ, ಬೇರೆ ಟ್ಯೂಬಿಲ್ಲ. ಪುಸ್ತಕ ಮಾತ್ರ ಎರಡಿದ್ದವು! ಬಿಸಿಲಿನಲ್ಲಿ ಸೈಕಲ್ಲು ನೂಕುತ್ತಿದ್ದವನನ್ನು ಹಾಲಿನ ಗಾಡಿಯ ಪುಣ್ಯಾತ್ಮನೊಬ್ಬ ಏರಿಸಿಕೊಂಡು ತಂದು ಬಿಟ್ಟ.

ಮನೆಯಲ್ಲಿ ಅಪ್ಪ ನಗಲಿಲ್ಲ. “ಸೈಕಲ್ ತುಳದು ತುಳದು ನಮಗ ಸಾಕಾಗಿತ್ತು ಅಂತ ನಿನಗ ಸಾಲಿ ಕಲಿಸಿದ್ವಿ. ನೀ ಮತ್ತ ಅದರ ಮ್ಯಾಲೆನ ಹೋಗಿ ಕುಂತಿಯಲ್ಲೊ ತಮ್ಮಾ!” ಎಂದಷ್ಟೇ ಹೇಳಿದರು.

ಈ ಮಾತು ನನ್ನನ್ನು ಬಹಳ ದಿನ ಕಾಡಿತು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ. ಸೈಕಲ್ಲಿನಿಂದ ಇಳಿಯುವುದೇ ನಮ್ಮವರ ಏಳಿಗೆಯ ಗುರುತಾಗಿರುವಾಗ, ಹಾಗೆ ಇಳಿಸಿದವರ ಕಣ್ಣೆದುರಿಗೇ ಮತ್ತೆ ಏರುವುದು ಅವರ ಶ್ರಮಕ್ಕೆ ಮಾಡಿದ ಅವಮಾನವಲ್ಲವೆ?

ಅದೇ ದಿನಗಳಲ್ಲಿ ಒಂದು ಹಳೆಯ ಸಾಹಸದ ಕಥೆಯನ್ನು ಓದಿದೆ. 1923ರ ಅಕ್ಟೋಬರದಲ್ಲಿ ಮುಂಬಯಿಯ ಆರು ಪಾರಸಿ ತರುಣರು ಸೈಕಲ್ಲಿನ ಮೇಲೆ ಜಗತ್ತನ್ನು ಸುತ್ತಲು ಹೊರಟರು. ಮೂವರು ನಡುವೆ ಬೇರೆಯಾದರು. ಆದಿ ಹಕೀಮ್, ಜಾಲ್ ಬಾಪಾಸೋಲಾ, ರುಸ್ತುಂ ಭೂಮಗಾರಾ ಎಂಬ ಮೂವರು ಸುಮಾರು 71,000 ಕಿಲೋಮೀಟರು ತುಳಿದು 1928ರಲ್ಲಿ ಊರು ಸೇರಿದರು. ಓದಿ ಮುಗಿಸಿ ಸುಮ್ಮನೆ ಒಂದು ಲೆಕ್ಕ ಹಾಕಿದೆ. ಅಪ್ಪ ನಮ್ಮೂರಿನಿಂದ ಉದ್ಯಮಬಾಗದ ಎರಕದ ಕಾರ್ಖಾನೆಗೆ ಹತ್ತು ಕಿಲೋಮೀಟರು ಹೋಗಿ ಹತ್ತು ಬರುತ್ತಿದ್ದರು. ವರ್ಷಕ್ಕೆ ಮುನ್ನೂರು ದಿನವೆಂದು ಹಿಡಿದರೆ 6,000 ಕಿಲೋಮೀಟರಾಯಿತು. ಹನ್ನೆರಡು ವರ್ಷಕ್ಕೆ 72,000! ನಮ್ಮ ಅಪ್ಪ ಉದ್ಯಮಬಾಗದ ದಾರಿಯಲ್ಲಿಯೇ ಭೂಪ್ರದಕ್ಷಿಣೆಯನ್ನು ಮುಗಿಸಿದ್ದರು. ಯಾರೂ ಹಾರ ಹಾಕಲಿಲ್ಲ, ಅಷ್ಟೆ.

ಈ ಲೆಕ್ಕವನ್ನು ಅವರಿಗೆ ತೋರಿಸಿದೆ. ಚೀಟಿಯನ್ನು ಬಹಳ ಹೊತ್ತು ನೋಡಿದರು. ಮರುದಿನ ಬೆಳಿಗ್ಗೆ ನೋಡಿದರೆ ನನ್ನ ಸೈಕಲ್ಲನ್ನು ಅಂಗಳದಲ್ಲಿ ತಲೆಕೆಳಗೆ ನಿಲ್ಲಿಸಿಕೊಂಡು ಕುಳಿತಿದ್ದರು.

ಆ ಒಂದು ಮುಂಜಾನೆ ಕಲಿತದ್ದನ್ನು ಹೊಸಬರ ಸಲುವಾಗಿ ಇಲ್ಲಿ ಬರೆಯುತ್ತೇನೆ. ಪೆಡಲು ತೀರ ಕೆಳಗಿದ್ದಾಗ ಮೊಣಕಾಲು ತುಸುವೇ ಬಾಗಿರುವಷ್ಟು ಸೀಟನ್ನು ಎತ್ತರಿಸಬೇಕು. ಅದು ತಗ್ಗಾದರೆ ಮೊಣಕಾಲು ನೋಯುತ್ತದೆ. ಭಾರ ಬೆನ್ನಿಗೆ ಬೇಡ, ಕ್ಯಾರಿಯರಿಗೆ. ಅದನ್ನು ಹಳೆಯ ಟ್ಯೂಬಿನ ಪಟ್ಟಿಯಿಂದ ಬಿಗಿಯಬೇಕು. ಒಂದು ಟ್ಯೂಬು, ಪಂಪು, ಪಂಕ್ಚರ್ ಸಾಮಾನು, ಪಾನಾ ಇವು ಬಟ್ಟೆಗಿಂತ ಮೊದಲು ಚೀಲ ಸೇರಬೇಕು. ಬಾಯಾರುವ ಮುನ್ನ ನೀರು, ಹಸಿಯುವ ಮುನ್ನ ರೊಟ್ಟಿ. ಏರು ಬಂದರೆ ಇಳಿದು ನಡೆಯುವುದರಲ್ಲಿ ನಾಚಿಕೆಯಿಲ್ಲ. ಹೆದ್ದಾರಿ ಈಗ ಅಗಲವಾಗಿ ವಾಹನಗಳ ವೇಗ ಹೆಚ್ಚಿರುವುದರಿಂದ ನಸುಕಿನಲ್ಲಿ ಬೆಳಕು ಹರಿದೊಡನೆ ಹೊರಟು, ಅಂಚನ್ನು ಹಿಡಿದು, ಕತ್ತಲಾಗುವ ಮುನ್ನ ನಿಲ್ಲಬೇಕು. ಹಿಂದೆ ಕೆಂಪು ದೀಪವಿರಲೇಬೇಕು. ಖಾನಾಪುರದ ಮಳೆಯನ್ನು ಬಲ್ಲವರು ಜೂನ್‌ದಿಂದ ಸಪ್ಟೆಂಬರವರೆಗೆ ಈ ಸಾಹಸಕ್ಕೆ ಕೈಹಾಕಲಾರರು.

ಎರಡನೆಯ ಸಲ ಜನವರಿಯಲ್ಲಿ ವರ್ಗಮಿತ್ರನೊಬ್ಬನ ಜೊತೆಗೆ ಹೋದೆ. ಖಾನಾಪುರದಲ್ಲಿ ಮಲಪ್ರಭೆಯ ದಂಡೆಗೆ ಕುಳಿತು ಬುತ್ತಿ ಬಿಚ್ಚಿದೆವು. ಅಲ್ಲಿಂದ ನಂದಗಡಕ್ಕೆ ಹೋಗಿ, 1831ರ ಜನವರಿ 26ರಂದು ಗಲ್ಲಿಗೇರಿದ ಸಂಗೊಳ್ಳಿ ರಾಯಣ್ಣನ ಸಮಾಧಿಗೆ ಕೈಮುಗಿದೆವು. ಹಲಸಿಯಲ್ಲಿ ಗೆಳೆಯನ ಸೋದರಮಾವನ ಮನೆಯಲ್ಲಿ ರಾತ್ರಿ ಕಳೆದೆವು. ಕದಂಬರ ಎರಡನೆಯ ರಾಜಧಾನಿ ಹಲಸಿ ಎಂದು ಪರೀಕ್ಷೆಯಲ್ಲಿ ಬರೆದಿದ್ದೆನಾದರೂ, ಭೂವರಾಹ ನರಸಿಂಹ ಗುಡಿಯ ಕಲ್ಲಿನ ಮೇಲೆ ದಣಿದ ಕಾಲು ಚಾಚಿ ಕುಳಿತಾಗಲೇ ಆ ವಾಕ್ಯದ ಅರ್ಥವಾದದ್ದು. ಬಸ್ಸಿನಲ್ಲಿ ಹೋದವನಿಗೆ ಊರಷ್ಟೇ ಸಿಗುತ್ತದೆ. ಸೈಕಲ್ಲಿನವನಿಗೆ ನಡುವಿನ ನೆಲವೂ ಸಿಗುತ್ತದೆ.

‘ಇದರಿಂದ ಏನು ಲಾಭ? ನೌಕರಿಯ ಪರೀಕ್ಷೆಗೆ ಓದಬಾರದೆ?’ ಎಂದು ಹಿರಿಯರು ಕೇಳಬಹುದು. ಓದಲೇಬೇಕು. ಆದರೆ ತನ್ನ ಶಕ್ತಿಯೆಷ್ಟೆಂದು ಅಳೆದು, ಭಾರವನ್ನು ಇಳಿಸಿಕೊಂಡು, ಸೋತಲ್ಲಿಂದ ಮತ್ತೆ ಹೊರಡುವ ಪಾಠವನ್ನು ನನಗೆ ಮೂರು ವರ್ಷದ ಯಾವ ಪತ್ರಿಕೆಯೂ ಕೇಳಲಿಲ್ಲ. ನಮ್ಮ ವರ್ಗಭಗಿನಿಯರಿಗೂ ಅದೇ ಯೋಜನೆಯಲ್ಲಿ ಸೈಕಲ್ಲು ಸಿಕ್ಕಿತ್ತು. ಅವು ಈಗ ಯಾವ ಮೂಲೆಯಲ್ಲಿವೆ ಎಂಬುದನ್ನು ಅವರ ಮನೆಯವರು ಒಮ್ಮೆ ಯೋಚಿಸಬೇಕೆಂದೂ ಬೇಡಿಕೊಳ್ಳುತ್ತೇನೆ.

ಅಪ್ಪನ ಪ್ರಶ್ನೆಗೆ ಈಗ ನನ್ನಲ್ಲಿ ಉತ್ತರವಿದೆ. ಅವರು ತುಳಿದದ್ದು ತುಳಿಯದೆ ಗತಿಯಿರಲಿಲ್ಲವಾಗಿ. ನಾನು ತುಳಿಯುವುದು ಮನಸ್ಸಿದ್ದುದಕ್ಕಾಗಿ. ಬೇಕೆಂದರೆ ಏರುವ, ಬೇಡವೆಂದರೆ ಇಳಿಯುವ ಈ ಸ್ವಾತಂತ್ರ್ಯವೇ ಅವರು ನನಗೆ ಕೊಡಿಸಿದ ವಿದ್ಯೆ.

ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ 304 ಕಿಲೋಮೀಟರು ಹರಿದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತಾಳೆ. ಪರೀಕ್ಷೆ ಮುಗಿದು ಮಳೆಗಾಲ ಕಳೆದ ಮೇಲೆ ಅವಳ ಜೊತೆಗೆ ಸಂಗಮದವರೆಗೂ ಹೋಗುವ ಸಂಕಲ್ಪ ನನ್ನದು. ಬರುವ ಗೆಳೆಯರಿಗೆ ಸ್ವಾಗತ. ಷರತ್ತು ಒಂದೇ: ಮೊದಲು ಖಾನಾಪುರಕ್ಕೆ ಹೋಗಿ ಬಂದಿರಬೇಕು.