ಹಸದ ಹೊಟ್ಟಿಗೆ ಅಳತಿ ಬೇಕ್ರಿ

ಅಕ್ಕಾರ, ವೈನ್ಯಾರ, ಇವತ್ತು ನನ್ನ ತಪ್ಪು ನಾನ ಹೇಳಿ ಆಮ್ಯಾಲ ನಿಮಗೊಂದು ಮಾತು ಹೇಳ್ತೀನಿ.

ಹೋದ ಮಳಿಗಾಲದಾಗ ನಮ್ಮ ಮನಿ ಕಟ್ಟಿ ಕೆಳಗ ಒಂದು ಕೆಂದ ನಾಯಿ ಬಂದು ಬಿದ್ದಿತ್ತು. ಪಕ್ಕಡಿ ಎಲುಬು ಒಂದೊಂದಾಗಿ ಎಣಸಬಹುದಿತ್ತು. ನಾ ಒಂದು ಬೋಗುಣಿ ಹಾಲಿನ್ಯಾಗ ಮೂರು ಚಪಾತಿ ಮುರದು, ಮ್ಯಾಲ ತುಪ್ಪ ಬಿಟ್ಟು ಇಟ್ಟೆ. ಗಬಗಬ ತಿಂತು. ಮತ್ತಷ್ಟು ಹಾಕಿದೆ. ಪುಣ್ಯ ಬಂತು ಅಂತ ಮಲಕೊಂಡೆ. ಬೆಳಗ್ಗೆ ನೋಡಿದ್ರ ಅಂಗಳ ತುಂಬ ವಾಂತಿ, ಭೇದಿ. ನಾಯಿಗೆ ತಲಿ ಎತ್ತಾಕ ಆಗವಲ್ದು.

ದನದ ಡಾಕ್ಟರು ಸಲೈನ್ ಹಚ್ಚಿ, "ಅಮ್ಮಾರ, ಹಸಿವು ಮಾಡಿದ್ದಕ್ಕಿಂತ ಜಾಸ್ತಿ ನಿಮ್ಮ ಅಂತಃಕರಣ ಮಾಡೇತಿ" ಅಂದ್ರು. ಭಾಳ ದಿನ ಉಪವಾಸ ಇದ್ದ ಮೈಗೆ ಒಮ್ಮೆಲೆ ಕೂಳು ಬಿದ್ರ ರಕ್ತದಾಗಿನ ಫಾಸ್ಫರಸ್, ಪೊಟ್ಯಾಸಿಯಂ ಧಡಕ್ಕನ ಇಳೀತಾವಂತ. ಎದಿಬಡಿತ ತಪ್ಪಿ ಜೀವಾನೂ ಹೋಗಬಹುದಂತ. ದೊಡ್ಡ ನಾಯಿಗಳಿಗೆ ಹಾಲು ಭಾಳ ಸಲ ಪಚನ ಆಗೂದಿಲ್ಲ. ತುಪ್ಪ, ಕರದದ್ದು ಅಂತೂ ಬ್ಯಾಡೇ ಬ್ಯಾಡ.

ನಾ ನಾಚಿದೆ ನೋಡ್ರಿ. ನಮ್ಮ ಮನ್ಯಾಗ ಜ್ವರ ಬಿಟ್ಟು ಎದ್ದವರಿಗೆ ಮೊದಲನೇ ದಿನಾನ ಹೋಳಿಗಿ ಊಟ ಹಾಕ್ತೀವೇನು? ಗಂಜಿ, ಆಮ್ಯಾಲ ಮೆತ್ತನ್ನ ಅನ್ನ. ಇದು ನಮಗೆಲ್ಲಾರಿಗೂ ಗೊತ್ತಿದ್ದದ್ದ. ನಾಯಿ ಮುಂದ ಮಾತ್ರ ಮರೀತೀವಿ. ಅದರ ಹೊಟ್ಟಿಗಿಂತ ನಮ್ಮ ಮನಸ್ಸು ಲಗೂನ ತಂಪಾಗಬೇಕು ಅನಸ್ತೈತಿ, ಅದಕ್ಕ.

ಆಮ್ಯಾಲ ಡಾಕ್ಟರು ಹೇಳಿದ್ಹಂಗ ನಡದಿವಿ. ಮೊದಲು ರಕ್ತ ನೋಡಿದ್ರು. ಉಣ್ಣಿ ಜ್ವರ ಇತ್ತು. ಹೊಟ್ಟ್ಯಾಗ ಹುಳಾನೂ ಇದ್ವು. ರೋಗ ಒಳಗ ಇಟಗೊಂಡು ಎಷ್ಟು ಉಣಿಸಿದ್ರೂ ತೂಕ ಏರೂದಿಲ್ಲ. ಊಟ ದಿನಕ್ಕ 5 ಸಲ, ಒಂದೊಂದು ಸಲಕ್ಕ ಒಂದು ಹಿಡಿ. ಉಪ್ಪು ಖಾರ ಇಲ್ಲದ ಮೆತ್ತನ್ನ ಅನ್ನ, ಕುದಿಸಿದ ತತ್ತಿ. ಹತ್ತು ದಿನದಾಗ ಸ್ವಲ್ಪ ಸ್ವಲ್ಪ ಏರಿಸಿ, ಆಮ್ಯಾಲ ನಾಯಿ ಫುಡ್ ಕಲಸಗೋತ ಹ್ವಾದಿವಿ.

ಈ ತತ್ತಿದೊಂದು ಕಥಿ. ನಮ್ಮ ಅತ್ತಿಯವರು ಅಡಗಿಮನ್ಯಾಗ ತತ್ತಿ ಬರಗೊಡೂದಿಲ್ಲ. ಹಿತ್ತಲದಾಗ ಇದ್ದಲಿ ಒಲಿ ಮ್ಯಾಲ ಕುದಿಸ್ತಿದ್ದೆ. ಬರೇ ಹಾಲು ಚಪಾತಿಯಿಂದ ಮೈ ತುಂಬೂದಿಲ್ಲ ಅಂತ ತಿಳಿಸಿ ಹೇಳಿದೆ, ಮಾತಾಡಲಿಲ್ಲ. ಒಂದು ತಿಂಗಳಾದ ಮ್ಯಾಲ ಅವರ ಕೇಳಿದ್ರು: "ಏನವಾ, ಕೆಂಚಿ ತತ್ತಿ ಆತೇನು?"

ಪ್ರತಿ ರವಿವಾರ ನಾ ಕೆಂಚೀನ ಎತಗೊಂಡು ತೂಕದ ಮಷಿನ್ ಮ್ಯಾಲ ನಿಂದರ್ತಿದ್ದೆ, ನನ್ನ ತೂಕ ಕಳದು ಬರಕೋತಿದ್ದೆ. ಬಂದಾಗ 9 ಕೆಜಿ, ಮೂರು ತಿಂಗಳಿಗೆ 13. ಈಗ ಪಕ್ಕಡಿ ಕಣ್ಣಿಗೆ ಕಾಣೂದಿಲ್ಲ, ಕೈಗೆ ಮಾತ್ರ ಹತ್ತತಾವ. ಅಷ್ಟ ಸಾಕು, ಗುಂಡಗ ಆಗೂದು ಬ್ಯಾಡ.

ಆದ್ರ ಆ ಮೂರು ತಿಂಗಳು ಓಣ್ಯಾಗ ನನಗ ಬಂದ ಹೆಸರು ಕೇಳಬ್ಯಾಡ್ರಿ. "ಒಂದ ಹಿಡಿ ಹಾಕ್ತಾಳ, ಜಿಪುಣಿ" ಅಂದ್ರು. ಯಾರೋ ಒಬ್ಬರು ಗ್ವಾಡಿ ಮ್ಯಾಲಿಂದ ಉಳ್ಳಾಗಡ್ಡಿ ಪಲ್ಯೆ ಹಚ್ಚಿದ ರೊಟ್ಟಿ ಒಗದಿದ್ರು. ಉಳ್ಳಾಗಡ್ಡಿ, ಬಳ್ಳೊಳ್ಳಿ, ದ್ರಾಕ್ಷಿ, ಚಾಕಲೇಟ್ ನಾಯಿಗೆ ವಿಷ ಇದ್ದಂಗ. ಬೇಯಿಸಿದ ಎಲುಬು ಚೂರಾಗಿ ಕರುಳು ಕೊರೀತೈತಿ.

ಅದಕ್ಕ ನನ್ನ ಮಾತು ಇಷ್ಟ: ಸೊರಗಿದ ಜೀವಕ್ಕ ತಾಟು ತುಂಬ ನೀಡೂದು ಸಸಾರ. ಬೇಡಿದ್ರೂ ಹಿಡಿ ಹಿಡೀನ ಹಾಕಿ, ಐದು ಸಲ ಎದ್ದು ಹೋಗೂದು ಕಷ್ಟ. ಆ ಕಷ್ಟಾನ ಖರೇ ಅಂತಃಕರಣ. ನಿಮಗೂ ಹಾಕಬೇಕು ಅನಿಸಿದ್ರ ಗ್ವಾಡಿ ಮ್ಯಾಲಿಂದ ಒಗೀಬ್ಯಾಡ್ರಿ, ಬಾಗಿಲದಾಗ ಬಂದು ಕೇಳ್ರಿ. ಕೆಂಚಿಗೆ ಒಂದು ಹಿಡಿ, ನಿಮಗೊಂದು ಕಪ್ ಚಾ, ಎರಡೂ ಕೊಡ್ತೀನಿ.