ಕರಡಚ್ಚು ಕಸವಲ್ಲ

ಕಲ್ಲಿನ ಮೇಲಣ ಬರಹಕ್ಕೂ ಓಲೆಯ ಮೇಲಣ ಬರಹಕ್ಕೂ ಕನ್ನಡ ನಾಡಿನಲ್ಲಿ ಸಲ್ಲುವ ಗೌರವವು ಕಾಗದದ ಮೇಲಣ ಬರಹಕ್ಕೆ ಸಲ್ಲದಿರುವುದು ಶೋಚನೀಯವಾದ ಸಂಗತಿ. ಹರಿಹರೇಶ್ವರ ದೇವಾಲಯದ ಶಾಸನಗಳನ್ನು ರೈಸರು ‘ಎಪಿಗ್ರಾಫಿಯಾ ಕರ್ನಾಟಿಕ’ದಲ್ಲಿ ಅಚ್ಚುಮಾಡಿಸಿದರು. ಫ. ಗು. ಹಳಕಟ್ಟಿಯವರು ಊರೂರು ಅಲೆದು ವಚನಗಳ ಓಲೆಕಟ್ಟುಗಳನ್ನು ಕೂಡಿಸಿ 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಹೊರತಂದರು. ಇಂದಿಗೂ ಲೋಕಿಕೆರೆಯಂತಹ ಊರಿನ ಅಟ್ಟದಲ್ಲಿ ಓಲೆಕಟ್ಟೊಂದಿದೆಯೆಂದು ಕೇಳಿದರೆ ದಾವಣಗೆರೆಯಿಂದ ಪಂಡಿತರು ಓಡಿಹೋದಾರು. ಪಕ್ಕದ ಮನೆಯಲ್ಲಿಯೇ ಕಾದಂಬರಿ ಬರೆದ ಮೇಷ್ಟರ ಕೈಬರಹವನ್ನು ಗೆದ್ದಲು ತಿಂದರೆ ಕೇಳುವವರಿಲ್ಲ. ಲೇಖಕನು ತಿದ್ದಿದ ಕರಡಚ್ಚಂತೂ ಪುಸ್ತಕ ಹೊರಬಿದ್ದೊಡನೆಯೇ ರದ್ದಿಯ ತಕ್ಕಡಿಯನ್ನೇರುವುದು. ಇದು ಯಾವ ನ್ಯಾಯ?

“ಅಚ್ಚಾದ ಮೇಲೆ ಕರಡೇಕೆ?” ಎನ್ನುವವರುಂಟು. ಅಚ್ಚಿನ ಮನೆಯ ತಪ್ಪು ಒಂದು ಮುದ್ರಣದಿಂದ ಮತ್ತೊಂದಕ್ಕೆ ಇಳಿದು, ಕೊನೆಗೆ ಗ್ರಂಥಕರ್ತನ ಮಾತೇ ಆಗಿ ನಿಲ್ಲುವುದನ್ನು ಅವರು ಅರಿಯರು. ಮೊಳೆ ಜೋಡಿಸಿದವನ ಕೈ ಜಾರಿದುದೆಷ್ಟು, ಲೇಖಕನು ತಾನಾಗಿ ಬದಲಿಸಿದುದೆಷ್ಟು ಎಂಬುದಕ್ಕೆ ಕೈಬರಹವೂ ಕರಡಚ್ಚಿನ ಅಂಚಿನ ತಿದ್ದುಪಡಿಯೂ ಅಲ್ಲದೆ ಬೇರೆ ಸಾಕ್ಷಿಯೆಲ್ಲಿಯದು? ಹೊಡೆದುಹಾಕಿದ ಸಾಲಿನಲ್ಲಿ ಕೃತಿಯ ಹುಟ್ಟು ಕಾಣುವಷ್ಟು ಅಚ್ಚಾದ ಸಾಲಿನಲ್ಲಿ ಕಾಣದು.

ಅಮೆರಿಕದವರು ಇದನ್ನು ಬಹುಕಾಲದ ಹಿಂದೆಯೇ ಅರಿತರು. ಮಾರ್ಕ್ ಟ್ವೇನನ ‘ಹಕಲ್‌ಬರಿ ಫಿನ್’ ಕಾದಂಬರಿಯ ಕೈಬರಹವನ್ನು ಬಫಲೋ ನಗರದ ಪುಸ್ತಕಾಲಯಕ್ಕಾಗಿ ಗ್ಲಕ್ ಎಂಬ ವಕೀಲನು 1885ರಲ್ಲಿ ಬೇಡಿದನು. ಕಳೆದುಹೋಯಿತೆಂದಿದ್ದ ಅದರ ಪೂರ್ವಾರ್ಧವು 1990ರಲ್ಲಿ ಅವನ ಮೊಮ್ಮಗಳ ಮನೆಯ ಅಟ್ಟದಲ್ಲಿ ದೊರೆಯಿತು. ಅಚ್ಚಿನಲ್ಲಿಲ್ಲದ ಪ್ರಸಂಗಗಳು ಅದರಿಂದ ಬೆಳಕಿಗೆ ಬಂದುವು. ಕೆರೊವಾಕನು 1951ರಲ್ಲಿ ಬೆರಳಚ್ಚಿಸಿದ ‘ಆನ್ ದಿ ರೋಡ್’ ಕಾದಂಬರಿಯ ಕಾಗದದ ಸುರುಳಿಯು 2001ರ ಹರಾಜಿನಲ್ಲಿ 24 ಲಕ್ಷ ಡಾಲರಿಗೂ ಮಿಕ್ಕಿ ಮಾರಾಟವಾಯಿತು. ಈ ಬೆಲೆಯ ಹುಚ್ಚು ಅನುಕರಣೀಯವಲ್ಲ. ಧನಿಕನ ಕಪಾಟಿನಲ್ಲಿ ಸೆರೆಯಾದ ಪ್ರತಿಯಿಂದ ವಿದ್ಯಾರ್ಥಿಗೇನು ಲಾಭ? ಅನುಕರಣೀಯವಾದುದು ಆ ವಕೀಲನ ನಡತೆ: ಬರೆದವನು ಬದುಕಿರುವಾಗಲೇ, ಸಾರ್ವಜನಿಕರ ಸಲುವಾಗಿ, ಬಾಯಿಬಿಟ್ಟು ಕೇಳುವುದು.

‘ದುರ್ಗಾಸ್ತಮಾನ’ದ ಕರ್ತೃಗಳಾದ ತ. ರಾ. ಸು. ಅವರು 1920ರಲ್ಲಿ ಹುಟ್ಟಿದುದು ಹರಿಹರ ತಾಲ್ಲೂಕಿನ ಮಲೆಬೆನ್ನೂರಿನಲ್ಲಿ. ಅಂತಹ ಕಾದಂಬರಿಕಾರರನ್ನು ಹೆತ್ತ ಜಿಲ್ಲೆಯಲ್ಲಿ ಲೇಖಕರ ಕೈಬರಹಗಳಿಗೆಂದೇ ಒಂದು ಭದ್ರವಾದ ಕೋಣೆಯಿರಬೇಡವೆ? ಮೆರವಣಿಗೆಗೂ ಹಾರತುರಾಯಿಗೂ ಒದಗುವ ಹಣವು ಒಂದು ಬೀರುವಿಗೆ ಒದಗದೆ?

ತಡಮಾಡಲು ಕಾಲವಿಲ್ಲ. ಎಣ್ಣೆ ಸವರಿದ ಓಲೆಯು ಶತಮಾನಗಳನ್ನು ತಾಳೀತು. ಅಗ್ಗದ ಕಾಗದದ ಕರಡಚ್ಚು ತನ್ನೊಳಗಣ ಆಮ್ಲದಿಂದಲೇ ಕೆಲವು ದಶಕಗಳಲ್ಲಿ ಹಳದಿಗಟ್ಟಿ ಪುಡಿಯಾಗುವುದು. ಈಗಿನ ಲೇಖಕರು ಗಣಕಯಂತ್ರದಲ್ಲಿಯೇ ಬರೆದು ತಿದ್ದುವುದರಿಂದ ಅಳಿಸಿದ ಸಾಲಿನ ಗುರುತೂ ಉಳಿಯುವುದು ಅಪರೂಪ. ಆದುದರಿಂದ ಮೊಳೆಯಚ್ಚಿನ ಕಾಲದವರ ಕಾಗದಗಳೇ ಈ ಬಗೆಯ ಕಡೆಯ ಸಾಕ್ಷಿಗಳು. ಸಾಹಿತ್ಯ ಸಂಘಗಳು ಲೇಖಕರ ಮನೆಯ ಬಾಗಿಲಿಗೆ ಇಂದೇ ಹೋಗತಕ್ಕದ್ದು. ರದ್ದಿಯವನು ನಾಳೆ ಹೋಗುವನು.