ರೇಡಿಯೋದ ಮೈಕು ಯಾರ ಸೊತ್ತು?

ರೇಡಿಯೋದಲ್ಲಿ ಕಲಾವಿಮರ್ಶಕರೊಡನೆ ನಡೆಯುವ ಸಂವಾದಗಳನ್ನು ನೀವು ಕೇಳಿದ್ದೀರಿ. ಪ್ರಶ್ನೆ ಹಾಕುವವರು ಒಬ್ಬ ವಿದ್ವಾಂಸರು, ಉತ್ತರ ಕೊಡುವವರು ಇನ್ನೊಬ್ಬ ವಿದ್ವಾಂಸರು. ಇವರು ಅವರನ್ನು ಒಪ್ಪುತ್ತಾರೆ, ಅವರು ಇವರನ್ನು ಹೊಗಳುತ್ತಾರೆ. ಕೊನೆಗೆ ಇಬ್ಬರೂ ಕೂಡಿ, ಜನರ ಅಭಿರುಚಿ ಕೆಟ್ಟುಹೋಯಿತೆಂದು ನಿಟ್ಟುಸಿರುಬಿಟ್ಟು ಏಳುತ್ತಾರೆ. ಆ ಜನರನ್ನು ಮಾತ್ರ ಯಾರೂ ಕರೆದು ಕೇಳುವುದಿಲ್ಲ. ಫಿರ್ಯಾದಿಯೂ ಅವರೇ, ನ್ಯಾಯಾಧೀಶರೂ ಅವರೇ. ಆರೋಪಿ ಮಾತ್ರ ಬಾಗಿಲಾಚೆ!

ಇದು ಬರಿಯ ಹರಟೆಯಾಗಿದ್ದರೆ ನಮಗೇನೂ ಚಿಂತೆಯಿರಲಿಲ್ಲ. ಆದರೆ ಬಾಗಿಲು ಮುಚ್ಚಿ ಆಡಿದ ಇಂಥ ಮಾತು ಸರ್ಕಾರದ ಆಜ್ಞೆಯಾಗಿ ಹೊರಬಿದ್ದದ್ದುಂಟು.

ಹಾರ್ಮೋನಿಯಂನ ಕಥೆಯನ್ನೇ ನೋಡಿ. 1938ರಲ್ಲಿ ದೆಹಲಿ ಕೇಂದ್ರದ ಪಾಶ್ಚಾತ್ಯ ಸಂಗೀತ ವಿಭಾಗದಲ್ಲಿದ್ದ ಜಾನ್ ಫೌಲ್ಡ್ಸ್ ರೇಡಿಯೋದ ಪತ್ರಿಕೆಯಲ್ಲಿ ಅದರ ವಿರುದ್ಧ ಬರೆದರು. ಅದರ ಸ್ವರಗಳು ಬಿಗಿದಿಟ್ಟವು, ಮೀಂಡು ಗಮಕಗಳು ಅದರಲ್ಲಿ ನುಡಿಯವು, ಅದು ಪರದೇಶದ ಪೆಟ್ಟಿಗೆ ಎಂದು ವಿದ್ವಾಂಸರು ವಾದಿಸಿದರು. ರವೀಂದ್ರನಾಥ ಠಾಕೂರರಂಥವರೂ ದನಿಗೂಡಿಸಿದರು. 1940ರಲ್ಲಿ ರೇಡಿಯೋ ಅದನ್ನು ಹೊರಹಾಕಿತು. 1947ರಲ್ಲಿ ಬಿಳಿಯರು ಹೋದರು. ಅವರ ಕಾಲದ ನಿಷೇಧ ಹೋಗಲಿಲ್ಲ. ಅದು ಸ್ವಲ್ಪಮಟ್ಟಿಗೆ ಸಡಿಲವಾದದ್ದು 1971ರಲ್ಲಿ!

ಮೀಂಡಿನ ಮಾತು ಸುಳ್ಳೆಂದು ನಾವು ಹೇಳುವುದಿಲ್ಲ. ಆದರೆ ಪರದೇಶದ್ದೆಂಬ ಕಾರಣಕ್ಕೆ ಪೇಟಿ ಬೇಡವಾದರೆ, ಪಿಟೀಲು ಯಾವ ದೇಶದ್ದು? ಆ ತೀರ್ಪನ್ನು ಬಿತ್ತರಿಸಿದ ಮೈಕು ಯಾವ ದೇಶದ್ದು? 1950ರಲ್ಲಿ ಧಾರವಾಡದಲ್ಲಿ ಕೇಂದ್ರ ತೆರೆದಾಗಲೂ ಇದೇ ಕಟ್ಟಳೆ. ಕಂಪನಿ ನಾಟಕ, ಭಜನೆಗಳಿಗೆ ಪೇಟಿಯೇ ಜೀವಾಳವಾಗಿದ್ದ ಸೀಮೆಯಲ್ಲಿ ಪೇಟಿ ಮಾಸ್ತರನ ವಾದ್ಯ ರೇಡಿಯೋದ ಹೊಸ್ತಿಲು ದಾಟುವಂತಿರಲಿಲ್ಲ.

ಎರಡನೆಯ ಕಥೆ ಸಿನಿಮಾ ಹಾಡಿನದು. 1952ರಲ್ಲಿ ಮಂತ್ರಿಯಾದ ಬಿ. ವಿ. ಕೇಸ್ಕರ್ ಅವರು ಶಾಸ್ತ್ರೀಯ ಸಂಗೀತಕ್ಕೆ ಹೆಚ್ಚು ವೇಳೆ ಕೊಟ್ಟರು, ಅದು ಒಳ್ಳೆಯದೇ. ಆದರೆ ಅದೇ ಉಸಿರಿನಲ್ಲಿ ಚಿತ್ರಗೀತೆಗಳನ್ನು ಒತ್ತರಿಸಿದರು. ಜನ ಏನು ಮಾಡಿದರು? ವಾದಕ್ಕೆ ಹೋಗಲಿಲ್ಲ, ರೇಡಿಯೋದ ಗುಂಡಿ ತಿರುಗಿಸಿ ಸಿಲೋನ್ ಹಿಡಿದರು. ಅಂಚೆ ಕಚೇರಿಯಲ್ಲಿ ಲೈಸೆನ್ಸಿನ ಹಣ ಕಟ್ಟಿಸಿಕೊಂಡದ್ದು ನಮ್ಮ ಸರ್ಕಾರ, ಹಾಡು ಕೇಳಿಸಿದ್ದು ಪರದೇಶ! ಕಡೆಗೆ 1957ರ ಅಕ್ಟೋಬರಿನಲ್ಲಿ ವಿವಿಧ ಭಾರತಿ ತೆರೆದು ಸರ್ಕಾರವೇ ಜನರ ದಾರಿಗೆ ಬರಬೇಕಾಯಿತು.

ವಿಮರ್ಶಕರೇ ಬೇಡ ಎಂಬುದು ನಮ್ಮ ವಾದವಲ್ಲ. ದುಡ್ಡಿನ ಧಣಿಗಳು ಕಸವನ್ನೇ ಕಲೆಯೆಂದು ಮಾರುವಾಗ, ಇದು ಕಸ ಎಂದು ಹೇಳುವ ಎದೆಗಾರ ನಮಗೆ ಬೇಕೇ ಬೇಕು. ಆದರೆ ಎದುರು ಮಾತಿಗೆ ಎಡೆಯಿಲ್ಲದ ಕಡೆ ವಿಮರ್ಶೆ ಬೆಳೆಯುವುದಿಲ್ಲ; ದೊರೆತನ ಬೆಳೆಯುತ್ತದೆ. ಕತ್ತೆಗೇನು ಗೊತ್ತು ಕಸ್ತೂರಿಯ ಪರಿಮಳ ಎಂದು ನಮ್ಮತ್ತ ಬೊಟ್ಟುಮಾಡುವವರು ನೆನಪಿಡಲಿ: ರಾತ್ರಿಯೆಲ್ಲ ನಿದ್ದೆಗೆಟ್ಟು ಬಯಲಾಟ ನೋಡಿ, ಬೆಳಗಾಗೆದ್ದು ಪಾತ್ರಧಾರಿಯ ತಪ್ಪು ಒಪ್ಪುಗಳನ್ನು ಚಹದಂಗಡಿಯಲ್ಲಿ ಒರೆಗೆ ಹಚ್ಚುವವರು ಇದೇ ದುಡಿಯುವ ಜನ. ಅದೂ ವಿಮರ್ಶೆಯೇ. ಅದಕ್ಕೆ ಮೈಕು ಸಿಕ್ಕಿಲ್ಲ, ಅಷ್ಟೇ.

ಬಾನುಲಿಯ ಅಲೆಗಳು ಸಾರ್ವಜನಿಕರ ಸೊತ್ತೆಂದು 1995ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಆದ್ದರಿಂದ ನಾವು ಬೇಡುತ್ತಿಲ್ಲ, ಕೇಳುತ್ತಿದ್ದೇವೆ. ಒಂದು: ಕಲೆಯ ಬಗ್ಗೆ ಮಾತು ನಡೆಯುವಾಗ ಆ ಕಲೆಯಿಂದ ಹೊಟ್ಟೆ ಹೊರೆಯುವವನೊಬ್ಬ ವಿಮರ್ಶಕನ ಎದುರು ಕೂರಬೇಕು. ಎರಡು: ಶ್ರೋತೃಗಳ ಆಕ್ಷೇಪಗಳನ್ನು ಓದಿ, ವಿಮರ್ಶಕರಿಂದಲೇ ಉತ್ತರ ಹೇಳಿಸಬೇಕು. ಮೂರು: ತಿಂಗಳಿಗೊಮ್ಮೆಯಾದರೂ ಈ ಸಂವಾದ ಸ್ಟುಡಿಯೋ ಬಿಟ್ಟು ಜಿಲ್ಲೆಯ ಊರುಗಳಿಗೆ ಬರಲಿ. ಗಿರಣಿಯ ಪಾಳಿ ಬಿಟ್ಟ ಮೇಲೆ, ಅಂಗಡಿಯ ಬಾಗಿಲು ಹಾಕಿದ ಮೇಲೆ, ಜನರೆದುರಿಗೆ ನಡೆಯಲಿ.

ಬಂಧುಗಳೇ, ಈ ಮೂರು ಮಾತುಗಳನ್ನು ಒಂದು ಕಾರ್ಡಿನಲ್ಲಿ ಬರೆದು ನಿಮ್ಮ ಕೇಂದ್ರದ ನಿರ್ದೇಶಕರಿಗೆ ಕಳಿಸಿರಿ. ಸಂಘದಲ್ಲಿ ಓದಿ ಹತ್ತು ಜನರ ಸಹಿ ಹಾಕಿಸಿರಿ. ಸಿಲೋನಿಗೆ ಗುಂಡಿ ತಿರುಗಿಸಿದ ಕೈಗಳಿಗೆ ಒಂದು ಕಾರ್ಡು ಬರೆಯುವುದು ಭಾರವಲ್ಲ.